ಬೇಗ ಸಿಗುವ ಲೈನ್, ಜಾಸ್ತಿ ಕಾಳು ಕೊಡುವ ಲೈನ್: ಗೋಧಿ ತಳಿ ಮಾಡುವ ದಾರಿಗಳ ಹೋಲಿಕೆ

ಎರಡು ಒಳ್ಳೆಯ ಗೋಧಿ ತಳಿಗಳನ್ನು ಸಂಕರ ಮಾಡುವುದು ಈ ಕೆಲಸದ ಸುಲಭದ ಭಾಗ. ಕಷ್ಟ ಶುರುವಾಗುವುದು ಆಮೇಲೆ. ಸಂಕರದ ಮೊದಲ ಪೀಳಿಗೆಯಾದ ಎಫ್1 ಗಿಡಗಳೆಲ್ಲ ಒಂದೇ ಥರ ಇರುತ್ತವೆ. ಅದರ ಕಾಳಿನಿಂದ ಬರುವ ಎರಡನೆಯ ಪೀಳಿಗೆ, ಅಂದರೆ ಎಫ್2ರಲ್ಲಿ, ಗುಣಗಳು ಒಡೆಯುತ್ತವೆ. ಒಂದು ಗಿಡ ಕುಳ್ಳು, ಪಕ್ಕದ್ದು ಎತ್ತರ. ಒಂದಕ್ಕೆ ತುಕ್ಕು ರೋಗ ತಾಗುವುದೇ ಇಲ್ಲ, ಇನ್ನೊಂದರ ಎಲೆ ಪೂರ್ತಿ ಒಣಗುತ್ತದೆ. ಈ ಗುಂಪಿನಿಂದ ಗುಣ ಒಡೆಯದ, ಬಿತ್ತಿದ ಹಾಗೇ ಬೆಳೆಯುವ ಲೈನ್‌ಗಳನ್ನು ತೆಗೆಯಬೇಕು. ಅದಕ್ಕೆ ನಾನು ಬಳಸಿ ನೋಡಿದ ದಾರಿಗಳನ್ನು ಇಲ್ಲಿ ಪಕ್ಕಪಕ್ಕದಲ್ಲಿ ಇಟ್ಟಿದ್ದೇನೆ. ಎಲ್ಲವನ್ನೂ ಮಾಡಿದ್ದು ತೆನೆ ಬಿಡಲು ದೀರ್ಘ ಚಳಿ ಬೇಡದ ಗೋಧಿಯಲ್ಲಿ.

ಮೊದಲು ಹಳೆಯ ವಂಶಾವಳಿ ಪದ್ಧತಿ. ಎಫ್2 ಗಿಡಗಳನ್ನು ಅಂತರ ಬಿಟ್ಟು ಬೆಳೆಸಿ, ಚೆನ್ನಾಗಿರುವುದನ್ನು ಆರಿಸುತ್ತೇವೆ. ಮುಂದಿನ ಹಂಗಾಮಿಗೆ ಒಂದೊಂದು ತೆನೆಯ ಕಾಳನ್ನು ಒಂದೊಂದು ಸಾಲಾಗಿ ಬಿತ್ತುತ್ತೇವೆ. ಯಾವ ಸಾಲು ಯಾವ ಗಿಡದಿಂದ ಬಂತು ಅನ್ನುವುದೆಲ್ಲ ಪುಸ್ತಕದಲ್ಲಿ ಇರಬೇಕು. ಬರೆಯುವ ಕೆಲಸ ವಿಪರೀತ. ಆದರೆ ಪ್ರತಿ ಪೀಳಿಗೆಯನ್ನೂ ಹೊಲದಲ್ಲಿ ಕಣ್ಣಾರೆ ನೋಡುವ ಅವಕಾಶ ಸಿಗುತ್ತದೆ. ಎತ್ತರ, ತುಕ್ಕು, ತೆನೆ ಬಿಡುವ ಕಾಲ ಇವನ್ನು ಕಣ್ಣಳತೆಯಲ್ಲೇ ಆರಿಸಬಹುದು.

ಇಳುವರಿಯನ್ನು ಮಾತ್ರ ಹಾಗೆ ಆರಿಸಲು ಆಗುವುದಿಲ್ಲ. ಒಂಟಿಯಾಗಿ ನಿಂತ ಗಿಡಕ್ಕೆ ಬೇಕಾದಷ್ಟು ಜಾಗ, ಬೆಳಕು, ನೀರು ಸಿಗುತ್ತದೆ. ಅದು ಸಿಕ್ಕಾಪಟ್ಟೆ ತೆಂಡೆ ಹೊಡೆದು ಪೊದೆಯಾಗುತ್ತದೆ. ಅದರ ಸಂತತಿಯನ್ನು ದಟ್ಟವಾಗಿ ಬಿತ್ತಿದರೆ ಪೊದೆಯಾಗುವ ಗುಣವೇ ತೊಂದರೆ ಕೊಡುತ್ತದೆ. ಗಿಡಗಳು ಒಂದರ ಬೆಳಕನ್ನು ಒಂದು ಕಿತ್ತುಕೊಳ್ಳುತ್ತವೆ. ಆಸ್ಟ್ರೇಲಿಯಾದ ಬೆಳೆ ವಿಜ್ಞಾನಿ ಸಿ. ಎಂ. ಡೊನಾಲ್ಡ್ 1968ರಲ್ಲೇ ಇದನ್ನು ಸ್ಪಷ್ಟವಾಗಿ ಹೇಳಿದ್ದರು. ಪಕ್ಕದ ಗಿಡದ ಜೊತೆ ಪೈಪೋಟಿಗೆ ಇಳಿಯದ ಗಿಡಗಳೇ ಗುಂಪಾಗಿ ನಿಂತಾಗ ಹೆಚ್ಚು ಕಾಳು ಕೊಡುತ್ತವೆ ಅನ್ನುವುದು ಅವರ ವಾದ. ನನ್ನ ಪ್ಲಾಟ್‌ಗಳಲ್ಲಿ ಕಂಡದ್ದೂ ಅದೇ. ಎಫ್2ರಲ್ಲಿ ಎದ್ದು ಕಂಡ ಗಿಡಗಳು ಕೊನೆಯ ತೂಕದಲ್ಲಿ ಮುಂದಿದ್ದದ್ದು ಅಪರೂಪ.

ಇದೇ ಕಾರಣಕ್ಕೆ ಎಲ್ಲ ಗಿಡಗಳ ಕಾಳನ್ನೂ ಒಟ್ಟಿಗೆ ಕೊಯ್ದು ಒಟ್ಟಿಗೆ ಬಿತ್ತುವ ರಾಶಿ ಪದ್ಧತಿ ನನಗೆ ಹಿಡಿಸಲಿಲ್ಲ. ಖರ್ಚೇನೋ ಕಡಿಮೆ. ಆದರೆ ಕುಳ್ಳು ಮತ್ತು ಎತ್ತರದ ತಳಿಗಳ ಸಂಕರದಲ್ಲಿ ಎತ್ತರದ ಗಿಡಗಳು ಕುಳ್ಳನ್ನು ನೆರಳಲ್ಲಿ ಹಾಕಿ, ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಾ ಹೋಗುತ್ತವೆ. ನಾರಿನ್ 10 ಎಂಬ ಜಪಾನಿನ ಗೋಧಿಯಿಂದ ಬಂದ ಗಿಡ್ಡ ಜೀನ್‌ಗಳೇ ಅಲ್ವಾ ಗೊಬ್ಬರ ಹೆಚ್ಚು ಕೊಟ್ಟರೂ ಪೈರು ಮಲಗದ ಹಾಗೆ ಮಾಡಿದ್ದು? ಅವನ್ನೇ ಕಳೆದುಕೊಳ್ಳುವ ಪದ್ಧತಿ ನನಗೆ ಬೇಡ.

ಮೂರನೆಯದು ಒಂಟಿಕಾಳು ದಾರಿ. ಪ್ರತಿ ಗಿಡದಿಂದ ಒಂದೇ ಕಾಳು ತೆಗೆದು ಮುಂದಿನ ಪೀಳಿಗೆಗೆ ಹಾಕುವುದು, ಅಷ್ಟೇ. ಆಯ್ಕೆ ಮಾಡುವುದೇ ಇಲ್ಲ. ಗೋಧಿ ತನ್ನ ಪರಾಗದಿಂದಲೇ ಕಾಳು ಕಟ್ಟುವ ಬೆಳೆ. ಹಾಗಾಗಿ ತಂದೆ ತಾಯಿ ತಳಿಗಳಲ್ಲಿ ಬೇರೆ ಬೇರೆಯಿದ್ದ ಜೀನ್‌ಗಳಲ್ಲಿ ಇನ್ನೂ ಮಿಶ್ರವಾಗಿರುವವು ಪ್ರತಿ ಪೀಳಿಗೆಗೂ ಅರ್ಧಕ್ಕೆ ಇಳಿಯುತ್ತವೆ. ಎಫ್2ರಲ್ಲಿ ಶೇ 50, ಎಫ್4ರಲ್ಲಿ ಶೇ 12.5, ಎಫ್6ರಲ್ಲಿ ಶೇ 3ರಷ್ಟು. ಒಂದೇ ಕಾಳು ಸಾಕಾದ್ದರಿಂದ ಗಿಡ ಸಣ್ಣದಾದರೂ ನಡೆಯುತ್ತದೆ. ಚಿಕ್ಕ ಕುಂಡಗಳಲ್ಲಿ ಒತ್ತೊತ್ತಾಗಿ ಬೆಳೆಸಬಹುದು. ಇದಕ್ಕೆ ದಿನಕ್ಕೆ 22 ಗಂಟೆ ಬೆಳಕು ಸೇರಿಸಿದರೆ ವೇಗ ಇನ್ನೂ ಜಾಸ್ತಿ. ಹೀಗೆ ವರ್ಷಕ್ಕೆ 6 ಪೀಳಿಗೆಯವರೆಗೆ ತೆಗೆಯಬಹುದು ಎಂದು 2018ರಲ್ಲಿ ಪ್ರಕಟವಾದ ಕೆಲಸ ತೋರಿಸಿತು. ಕಾಳು ಪೂರ್ತಿ ಮಾಗುವ ಮೊದಲೇ ಕೊಯ್ದು ಒಣಗಿಸಿದರೂ ಮೊಳೆಯುತ್ತದೆ. ಉಳಿಯುವ ಸಮಯದಲ್ಲಿ ಅದರ ಪಾಲೂ ಇದೆ. ಒಂದು ಎಚ್ಚರಿಕೆ ಮಾತ್ರ ಬೇಕು. ಒಂದೇ ಕಾಳು ಹಾಕಿ ಅದು ಮೊಳೆಯದಿದ್ದರೆ ಆ ವಂಶ ಅಲ್ಲಿಗೇ ಮುಗಿಯಿತು. ಎರಡು ಮೂರು ಕಾಳು ಹಾಕಿ, ಹುಟ್ಟಿದ ಮೇಲೆ ಒಂದನ್ನು ಉಳಿಸಿಕೊಳ್ಳುವುದು ಲೇಸು.

ನಾಲ್ಕನೆಯದು ನೋಡಲು ಬಲು ಸೊಗಸು: ಡಬಲ್ಡ್ ಹ್ಯಾಪ್ಲಾಯ್ಡ್, ಅಂದರೆ ಅರ್ಧ ಕ್ರೋಮೋಸೋಮ್‌ಗಳಿರುವ ಗಿಡ ಮಾಡಿ ಅವನ್ನೇ ಇಮ್ಮಡಿ ಮಾಡುವುದು. ಎಫ್1 ಗೋಧಿಯ ಹೂವಿನಿಂದ ಪರಾಗಕೋಶ ತೆಗೆದುಹಾಕಿ, ಹೂವಿನ ಹೆಣ್ಣು ಭಾಗದ ಮೇಲೆ ಮೆಕ್ಕೆಜೋಳದ ಪರಾಗ ಹಾಕುತ್ತೇವೆ. ಭ್ರೂಣ ಹುಟ್ಟುತ್ತದೆ. ಆದರೆ ಮೊದಲ ಕೆಲವು ಕೋಶ ವಿಭಜನೆಗಳಲ್ಲೇ ಮೆಕ್ಕೆಜೋಳದ ಕ್ರೋಮೋಸೋಮ್‌ಗಳು ಕಳೆದುಹೋಗುತ್ತವೆ. ಉಳಿಯುವುದು ಗೋಧಿಯ 21 ಮಾತ್ರ. 1980ರ ದಶಕದಲ್ಲಿ ವಿಜ್ಞಾನಿಗಳಾದ ಲಾರಿ ಮತ್ತು ಬೆನೆಟ್ ತೋರಿಸಿದ ಸಂಗತಿ ಇದು. ಭ್ರೂಣ ತಾನಾಗಿ ಬದುಕುವುದಿಲ್ಲ. ಹೂವಿಗೆ 2,4-ಡಿ ಎಂಬ ಬೆಳವಣಿಗೆ ಚೋದಕ ಕೊಡಬೇಕು. ಸುಮಾರು ಎರಡು ವಾರದ ಮೇಲೆ ಭ್ರೂಣವನ್ನು ಬಿಡಿಸಿ ಪೋಷಕ ಮಾಧ್ಯಮದಲ್ಲಿ ಬೆಳೆಸಬೇಕು. ಸಸಿಯಾದ ಮೇಲೆ ಕಾಲ್ಚಿಸಿನ್ ಎಂಬ ರಾಸಾಯನಿಕ ಕೊಟ್ಟು 21 ಕ್ರೋಮೋಸೋಮ್‌ಗಳನ್ನು 42 ಮಾಡಬೇಕು. ಅದು ವಿಷ, ಕೈಗವಸು ಇಲ್ಲದೆ ಮುಟ್ಟುವ ಹಾಗಿಲ್ಲ. ಪ್ರತಿ ಹಂತದಲ್ಲೂ ಒಂದಿಷ್ಟು ಸಾಯುತ್ತವೆ. ಕೊನೆಗೆ ಉಳಿದ ಗಿಡದಲ್ಲಿ ಪ್ರತಿ ಕ್ರೋಮೋಸೋಮ್‌ನ ಎರಡೂ ಪ್ರತಿಗಳು ಪೂರ್ತಿ ಒಂದೇ ಆಗಿರುತ್ತವೆ. ಎಫ್6ವರೆಗೆ ಕಾಯುವ ಮಾತೇ ಇಲ್ಲ.

ಒಂದೇ ಸಂಕರದಿಂದ ಬಂದ ಡಬಲ್ಡ್ ಹ್ಯಾಪ್ಲಾಯ್ಡ್ ಲೈನ್‌ಗಳನ್ನೂ ಎಫ್4 ಒಂಟಿಕಾಳು ಲೈನ್‌ಗಳನ್ನೂ ಪಕ್ಕಪಕ್ಕದ ಪ್ಲಾಟ್‌ಗಳಲ್ಲಿ ಹಾಕಿ ನೋಡಿದೆ. ಮೊದಲನೆಯವು ಕತ್ತರಿಸಿಟ್ಟ ಹಾಗೆ ಸಮ. ಎರಡನೆಯವುಗಳಲ್ಲಿ ಅಲ್ಲೊಂದು ಇಲ್ಲೊಂದು ಎತ್ತರದ ತೆನೆ. ಆದರೆ ಇಳುವರಿ ಪಟ್ಟಿಯ ಮೇಲಿನ ಸಾಲುಗಳಲ್ಲಿ ಎರಡೂ ಕಡೆಯವು ಬೆರೆತಿದ್ದವು. ಡಬಲ್ಡ್ ಹ್ಯಾಪ್ಲಾಯ್ಡ್‌ಗೆ ಇನ್ನೊಂದು ಮಿತಿ ಇದೆ. ಎಫ್1ರಿಂದ ಒಂದೇ ನೆಗೆತವಾದ್ದರಿಂದ ತಂದೆ ತಾಯಿಯ ಜೀನ್‌ಗಳು ಕಲೆಸಿಕೊಳ್ಳಲು ಒಂದೇ ಅವಕಾಶ. ಒಳ್ಳೆಯ ಗುಣ ಒಂದು ಕೆಟ್ಟ ಗುಣಕ್ಕೆ ಅಂಟಿಕೊಂಡಿದ್ದರೆ ಅದನ್ನು ಬಿಡಿಸಲು ಎಫ್2, ಎಫ್3 ದಾಟಿ ಬರುವುದೇ ವಾಸಿ.

ನನ್ನ ಆಯ್ಕೆ ಹೀಗೆ. ದೀಪದ ಕೆಳಗೆ ಒಂಟಿಕಾಳು ದಾರಿಯಲ್ಲಿ ಎಫ್4ವರೆಗೆ. ಆಮೇಲೆ ಒಂದು ಹಂಗಾಮು ತೆನೆ ಸಾಲುಗಳನ್ನು ಹೊಲದಲ್ಲಿ ಹಾಕಿ, ತುಕ್ಕು ಮತ್ತು ಎತ್ತರ ನೋಡಿ ಕೈಬಿಡಬೇಕಾದ್ದನ್ನು ಕೈಬಿಡುವುದು. ದೀಪದ ಕೋಣೆಯಲ್ಲಿ ವೇಗ ಇದೆ, ಹೊಲದ ಪರೀಕ್ಷೆ ಇಲ್ಲ. ಗೋಧಿ ತಳಿ ವಿಜ್ಞಾನಿ ನಾರ್ಮನ್ ಬೋರ್ಲಾಗ್ ಮೆಕ್ಸಿಕೋದಲ್ಲಿ ತಗ್ಗಿನ ಸೊನೋರಾ ಮತ್ತು ಎತ್ತರದ ಟೊಲುಕಾ ನಡುವೆ ಬೀಜ ಸಾಗಿಸಿ ವರ್ಷಕ್ಕೆ ಎರಡು ಪೀಳಿಗೆ ತೆಗೆದರು. ಅಲ್ಲಿ ವೇಗದ ಜೊತೆ ಎರಡು ಬೇರೆ ಬೇರೆ ಹವೆಯ ಪರೀಕ್ಷೆಯೂ ಇತ್ತು. ಹಗಲಿನ ಉದ್ದಕ್ಕೆ ಅಷ್ಟಾಗಿ ಕಟ್ಟುಬೀಳದ ಗೋಧಿ ಸಿಕ್ಕಿದ್ದು ಹಾಗೆಯೇ. ಆ ಲಾಭವನ್ನು ದೀಪ ಕೊಡುವುದಿಲ್ಲ.

ಉಳಿಸಿದ ಸಮಯವನ್ನು, ಹಣವನ್ನು ಇಳುವರಿ ಪರೀಕ್ಷೆಗೆ ಹಾಕಬೇಕು. ಇಲ್ಲೂ ಎರಡು ದಾರಿ ಇವೆ: ಒಂದೇ ಹೊಲದಲ್ಲಿ ಪ್ರತಿ ಲೈನ್‌ಗೆ 4 ಪ್ಲಾಟ್, ಇಲ್ಲವೇ 4 ಹೊಲಗಳಲ್ಲಿ ಒಂದೊಂದು. ಪ್ಲಾಟ್ ಲೆಕ್ಕ ಎರಡರಲ್ಲೂ ಒಂದೇ. ಮಣ್ಣಿನ ಏರುಪೇರಿನಿಂದ ಬರುವ ತಪ್ಪು ಎರಡರಲ್ಲೂ ಸರಿಸುಮಾರು ಅಷ್ಟೇ ಕಡಿಮೆಯಾಗುತ್ತದೆ. ಆದರೆ ಕೆಲವು ಲೈನ್‌ಗಳು ಒಂದು ಜಾಗದಲ್ಲಿ ಚೆನ್ನಾಗಿ ಬಂದು ಇನ್ನೊಂದರಲ್ಲಿ ಸೋಲುತ್ತವಲ್ಲ, ಆ ಗೊಂದಲ ಕಡಿಮೆಯಾಗುವುದು ಎರಡನೆಯ ದಾರಿಯಲ್ಲಿ ಮಾತ್ರ. ಎರಡನ್ನೂ ಮಾಡಿ ನೋಡಿದ ಮೇಲೆ ನನಗೆ ಅನುಮಾನವೇ ಉಳಿದಿಲ್ಲ. ಒಂದೇ ಹೊಲದ ಪರೀಕ್ಷೆಯಲ್ಲಿ ಮೊದಲು ಬಂದದ್ದು ಮರುವರ್ಷ ಬೇರೆ ಕಡೆ ಮಧ್ಯಕ್ಕೆ ಜಾರುತ್ತಿತ್ತು. ಹಲವು ಹೊಲ ದಾಟಿ ಬಂದದ್ದು ಸಾಮಾನ್ಯವಾಗಿ ಮೇಲೆಯೇ ನಿಲ್ಲುತ್ತಿತ್ತು.

ಲೈನ್‌ಗಳು ನೂರಕ್ಕೂ ಹೆಚ್ಚಿದ್ದರೆ ಎಲ್ಲವನ್ನೂ ಒಂದೇ ದೊಡ್ಡ ಬ್ಲಾಕ್‌ನಲ್ಲಿ ತುಂಬಬೇಡಿ. ಅಷ್ಟು ಉದ್ದಕ್ಕೆ ಮಣ್ಣು ಒಂದೇ ಥರ ಇರುವುದಿಲ್ಲ. ಪ್ಯಾಟರ್ಸನ್ ಮತ್ತು ವಿಲಿಯಮ್ಸ್ 1976ರಲ್ಲಿ ಕೊಟ್ಟ, ಪ್ಲಾಟ್‌ಗಳನ್ನು ಚಿಕ್ಕ ಗುಂಪುಗಳಾಗಿ ಹಂಚುವ ಆಲ್ಫಾ ವಿನ್ಯಾಸದ ಚಿಕ್ಕ ಬ್ಲಾಕ್‌ಗಳು ಇದನ್ನು ಚೆನ್ನಾಗಿ ನಿಭಾಯಿಸುತ್ತವೆ. ಬೀಜ ತೀರಾ ಕಡಿಮೆಯಿದ್ದರೆ ಹೊಸ ಲೈನ್‌ಗಳನ್ನು ಒಂದೊಂದೇ ಸಲ ಹಾಕಿ, ಹೋಲಿಕೆಗೆ ಇಡುವ ಪರಿಚಿತ ತಳಿಯನ್ನು (ಚೆಕ್) ಮಾತ್ರ ಅಲ್ಲಲ್ಲಿ ಮತ್ತೆ ಮತ್ತೆ ಹಾಕಬಹುದು. ಅಂಚಿನ ಸಾಲುಗಳಿಗೆ ಬೆಳಕು ಜಾಸ್ತಿ ಬೀಳುವುದರಿಂದ ಅವನ್ನು ಬಿಟ್ಟು ತೂಗಿ. ತೇವಾಂಶವನ್ನು ಎಲ್ಲಕ್ಕೂ ಒಂದೇ ಮಟ್ಟಕ್ಕೆ, ಉದಾಹರಣೆಗೆ ಶೇ 12ಕ್ಕೆ, ತಂದು ಲೆಕ್ಕ ಹಾಕಿ.

ದೀರ್ಘ ಚಳಿ ಸಿಕ್ಕಿದರೆ ಮಾತ್ರ ತೆನೆ ಬಿಡುವ ಗೋಧಿಯಲ್ಲಿ ಮಾತ್ರ ನನ್ನ ತೀರ್ಮಾನ ಬೇರೆ. ಅಲ್ಲಿ ಪ್ರತಿ ಪೀಳಿಗೆಯ ಸಸಿಗಳನ್ನೂ ಎಷ್ಟೋ ವಾರ ತಂಪು ಕೋಣೆಯಲ್ಲಿ ಇಡಬೇಕು. ದೀಪ ಉಳಿಸಿಕೊಟ್ಟ ಸಮಯವನ್ನು ಆ ಚಳಿಯೇ ನುಂಗುತ್ತದೆ. ಅಂಥ ಸಂಕರಗಳಿಗೆ, ಖರ್ಚು ಜಾಸ್ತಿಯಾದರೂ, ಮೆಕ್ಕೆಜೋಳದ ಪರಾಗದ ದಾರಿಯನ್ನೇ ಹಿಡಿಯುವುದು ಸರಿ.