ಕತ್ತಿನ ಗುಳ್ಳೆಗೆ ಯಾವುದು ವಾಸಿ: ಐದು ಬ್ಲೇಡಾ, ಒಂದು ಬ್ಲೇಡಾ, ಟ್ರಿಮ್ಮರಾ?

ನನ್ನ ಗಡ್ಡ ಗುಂಗುರು. ಕೆಲಸದಲ್ಲಿ ದಿನಾ ನುಣ್ಣಗೆ ಶೇವ್ ಮಾಡಿಕೊಂಡೇ ಬರಬೇಕು ಅಂತ ನಿಯಮ. ಇವೆರಡಕ್ಕೂ ಆಗಿಬರುವುದಿಲ್ಲ. ದವಡೆಯ ಕೆಳಗೆಲ್ಲ ಗುಳ್ಳೆ, ಕಾಲರ್ ತಾಗಿದರೆ ಉರಿ.

ಮೊದಲು ಇದ್ದದ್ದು ಐದು ಬ್ಲೇಡಿನ ರೇಜರ್. ಬೆಳಿಗ್ಗೆ ಕೆನ್ನೆ ಸವರಿಕೊಂಡರೆ ಬೆಣ್ಣೆ, ಮೂರನೇ ದಿನಕ್ಕೆ ಗುಳ್ಳೆ. ಮುಂದಿನ ಬ್ಲೇಡ್ ಕೂದಲನ್ನು ಎಳೆಯುತ್ತದೆ, ಹಿಂದಿನದು ಕತ್ತರಿಸುತ್ತದೆ, ಉಳಿದ ತುಂಡು ಚರ್ಮದೊಳಕ್ಕೆ ಜಾರುತ್ತದೆ. ನೆಟ್ಟಗಿನ ಕೂದಲಾದರೆ ಸುಮ್ನೆ ಹೊರಗೆ ಬರುತ್ತದೆ. ಗುಂಗುರು ಕೂದಲು ಒಳಗೇ ಬಾಗಿ ಚುಚ್ಚುತ್ತದೆ. ಹೊರಗೆ ಬಂದದ್ದೂ ಡೊಂಕಾಗಿ ತಿರುಗಿ ಮತ್ತೆ ಚರ್ಮಕ್ಕೇ ನಾಟುತ್ತದೆ. ಮುಳ್ಳು ಹೊಕ್ಕ ಹಾಗೆ ಜಾಗ ಊದಿಕೊಳ್ಳುತ್ತದೆ. ಅಂದರೆ ನುಣುಪು ಜಾಸ್ತಿಯಾದಷ್ಟೂ ಕಾಟ ಜಾಸ್ತಿ!

ಒಂದೇ ಬ್ಲೇಡಿನ ಹಳೇ ಕಾಲದ ರೇಜರ್‌ಗೆ ಬದಲಾದೆ. ಗುಳ್ಳೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಆದರೆ ಇದಕ್ಕೆ ತಾಳ್ಮೆ ಬೇಕು. ಬಿಸಿನೀರಲ್ಲಿ ಗಡ್ಡ ನೆನೆಸಬೇಕು, ಚರ್ಮ ಎಳೆದು ಹಿಡಿಯಬಾರದು, ಒತ್ತಬಾರದು, ಕೂದಲು ಬೆಳೆದ ದಿಕ್ಕಿಗೇ ಎಳೆಯಬೇಕು. ನನ್ನ ಕತ್ತಿನಲ್ಲಿ ಆ ದಿಕ್ಕು ಕೆಳಗಲ್ಲ, ಪಕ್ಕಕ್ಕೆ. ಇಷ್ಟು ವರ್ಷ ಅದನ್ನು ಗಮನಿಸಿಯೇ ಇರಲಿಲ್ಲ. ತಡವಾಗಿ ಎದ್ದ ದಿನ ಇದೆಲ್ಲ ಮರೆತು ಉಲ್ಟಾ ಎಳೆದರೆ ಸಂಜೆಗೇ ಶಿಕ್ಷೆ.

ನಡುವೆ ಕೂದಲು ತೆಗೆಯುವ ಕ್ರೀಮ್ ಕೂಡ ಹಚ್ಚಿದೆ. ಅದು ಕೂದಲನ್ನು ಕರಗಿಸುವುದರಿಂದ ತುದಿ ಚೂಪಾಗಿ ಉಳಿಯುವುದಿಲ್ಲ, ನಿಜ. ಆದರೆ ಆ ವಾಸನೆ! ಎರಡನೇ ಸಲ ಚರ್ಮ ಕೆಂಪಾಗಿ ಉರಿಯಿತು, ಅಲ್ಲಿಗೆ ಬಿಟ್ಟೆ.

ಕೊನೆಗೆ ಟ್ರಿಮ್ಮರ್. ಸುಮಾರು 1 ಮಿಲಿಮೀಟರ್ ಕೂದಲು ಬಿಟ್ಟು ಕತ್ತರಿಸಿದೆ. ತುದಿ ಚರ್ಮದ ಮೇಲೇ ಇರುವುದರಿಂದ ಒಳಗೆ ಸಿಕ್ಕಿಕೊಳ್ಳುವುದು ತೀರಾ ಕಡಿಮೆ. ಮೊದಲ ಎರಡು ವಾರ ಹಳೇ ಗುಳ್ಳೆಗಳೇ ಕಾಡಿದವು. ಎರಡನೇ ತಿಂಗಳಿಗೆ ಕತ್ತು ತಣ್ಣಗಾಯಿತು. ಚಿಮುಟದಲ್ಲಿ ಕಿತ್ತ ಕಡೆ ಮಾತ್ರ ಕಪ್ಪು ಕಲೆ ಇನ್ನೂ ಹೋಗಿಲ್ಲ. ಆ ಬುದ್ಧಿವಂತಿಕೆ ನನ್ನದೇ.

ಚರ್ಮ ಒಪ್ಪಿತು, ಮೇಲಧಿಕಾರಿ ಒಪ್ಪಲಿಲ್ಲ. "ಇವತ್ತು ಶೇವ್ ಮಾಡಿಲ್ವಾ?" ಅಂತ ದಿನಾ ಪ್ರಶ್ನೆ. ಚರ್ಮದ ಡಾಕ್ಟರ ಹತ್ತಿರ ಚೀಟಿ ಬರೆಸಿ ಕೊಟ್ಟ ಮೇಲೆ ಪ್ರಶ್ನೆ ನಿಂತಿತು. ಈಗ ದಿನಾ ಟ್ರಿಮ್ಮರ್. ದೊಡ್ಡವರು ಬರುವ ದಿನ ಮಾತ್ರ ಒಂದೇ ಬ್ಲೇಡ್, ಅದೂ ಅರ್ಧ ಗಂಟೆ ಬೇಗ ಎದ್ದು. ಐದು ಬ್ಲೇಡಿನದು ಬಚ್ಚಲಮನೆಯ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದೆ.