ಮೊಣಕಾಲಿಗೆ ‘ಸ್ಟೆಮ್ ಸೆಲ್’ ಅಂತ 1.80 ಲಕ್ಷ ಹೋಯಿತು. ಗದಗ, ಹುಬ್ಬಳ್ಳಿ ಕಡೆಯವರು ಓದಿರಿ

ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ನಾನು ಗದಗ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಮಾಸ್ತರ. ಒಂಬತ್ತನೇ ತರಗತಿಗೆ ‘ಅಂಗಾಂಶಗಳು’ ಪಾಠ ವರ್ಷಾ ವರ್ಷಾ ಹೇಳುತ್ತೇನೆ. ಕೀಲಿನಲ್ಲಿ ಎಲುಬಿನ ತುದಿಗೆ ಮೆತ್ತೆಯಂತಿರುವ ಮೃದ್ವಸ್ಥಿಯ ಚಿತ್ರ ಬೋರ್ಡ್ ಮೇಲೆ ಬರೆಯುತ್ತೇನೆ. ಅಂಥವನಿಗೇ ಟೋಪಿ ಹಾಕಿದರು.

ಅವ್ವಗೆ 66 ವರ್ಷ. ಎರಡೂ ಮೊಣಕಾಲು ಸವೆದಿವೆ. ಎಲುಬಿನ ಡಾಕ್ಟರು ಎಕ್ಸ್‌ರೇ ನೋಡಿ, “ಗ್ರೇಡ್ 4 ಆಗೇತ್ರಿ, ಕೀಲು ಬದಲಿ ಮಾಡಿಸೂದ ಛಲೋ” ಅಂತ ಸೀದಾ ಹೇಳಿದ್ದರು. ಗ್ರೇಡ್ 4 ಅಂದರೆ ಸವೆತದ ಕೊನೆಯ ಹಂತ. ಆಪರೇಷನ್ ಅಂದ ಕೂಡಲೇ ಅವ್ವ ಹೆದರಿದಳು. ಅದೇ ಹೊತ್ತಿಗೆ ಊರ ಕಲ್ಯಾಣ ಮಂಟಪದಲ್ಲಿ ಉಚಿತ ತಪಾಸಣೆ ಶಿಬಿರ ಬಂತು. ಶಿಬಿರ ಹೇಗಿರುತ್ತದೆ ನಿಮಗೆ ಗೊತ್ತೇ ಇದೆ. ಬಿಪಿ ನೋಡುತ್ತಾರೆ, ನಾಲ್ಕು ಗುಳಿಗೆ ಕೊಡುತ್ತಾರೆ, ಹುಬ್ಬಳ್ಳಿಗೆ ಬರ್ರಿ ಅಂತ ಚೀಟಿ ಬರೆಯುತ್ತಾರೆ. ಇವರು ದೊಡ್ಡ ಟಿವಿ ಹಚ್ಚಿ ‘ಸ್ಟೆಮ್ ಸೆಲ್’ (ಬೇರೆ ಬೇರೆ ಅಂಗಾಂಶವಾಗಿ ಬೆಳೆಯಬಲ್ಲ ಮೂಲ ಕೋಶ) ಚಿಕಿತ್ಸೆಯ ವಿಡಿಯೋ ತೋರಿಸಿದರು. ಸವೆದ ಕೀಲಿನೊಳಗೆ ಮೃದ್ವಸ್ಥಿ ಬೆಳ್ಳಗೆ ಬೆಳೆದು ಕೂಡಿಕೊಳ್ಳುತ್ತದೆ. “ನಿಮ್ಮದ ಸೆಲ್, ನಿಮ್ಮದ ಕೀಲು. ಕೊಯ್ಯೂದಿಲ್ಲ, ಹೊಲಿಯೂದಿಲ್ಲ ಅವ್ವಾರ” ಅಂದ ಅಲ್ಲಿನ ಹುಡುಗ. ಅವ್ವ ನನ್ನ ಮುಖ ನೋಡಿದಳು. ಅಲ್ಲಿಗೆ ಮುಗೀತು.

ಒಂದು ಕಾಲಿಗೆ 90 ಸಾವಿರ. ಹೆಸರುಕಾಳು ಮಾರಿದ ದುಡ್ಡು, ಕಡಿಮೆ ಬಿದ್ದಿದ್ದಕ್ಕೆ ಸೊಸೈಟಿ ಸಾಲ.

ಹುಬ್ಬಳ್ಳಿಯಲ್ಲಿ ನಡೆದದ್ದು ಇಷ್ಟು. ಅವ್ವನ ತೋಳಿನಿಂದ ರಕ್ತ ತೆಗೆದರು. ಗಿರಗಿರ ತಿರುಗುವ ಮಷಿನ್‌ಗೆ ಹಾಕಿದರು. ನಮಗೆ ಚಹಾ ಕೊಟ್ಟರು. ಚಹಾ ಮುಗಿಯುವಷ್ಟರಲ್ಲಿ ಹಳದಿ ನೀರಿನ ಸಿರಿಂಜ್ ಬಂತು. ಎರಡೂ ಮೊಣಕಾಲಿಗೆ ಚುಚ್ಚಿದರು. “ಆತ್ರಿ ಅವ್ವಾರ” ಅಂದರು. 1.80 ಲಕ್ಷಕ್ಕೆ ಒಂದು ಚಹಾ, ಎರಡು ಚುಚ್ಚು.

ಹಬ್ಬಕ್ಕೆ ಅಕ್ಕನ ಮಗ ಬಂದಿದ್ದ. ಅವನು ಲ್ಯಾಬ್ ಟೆಕ್ನಿಶಿಯನ್. “ಮಾಮಾ, ರಕ್ತ ಎಲ್ಲಿಂದ ತಗದ್ರು?” ಅಂದ. ತೋಳಿಂದ ಅಂದೆ. “ಸೊಂಟದ ಎಲುಬಿಂದ ಏನೂ ತಗೀಲಿಲ್ಲಾ? ಹೊಟ್ಟಿ ಕೊಬ್ಬು?” ಇಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾಮಾ, ಅದು ಪಿಆರ್‌ಪಿ” ಅಂದ. ಅವ್ವ ಅಲ್ಲೇ ಕೂತಿದ್ದಳು. ಎದ್ದು ಹಿತ್ತಲಿಗೆ ಹೋದೆ.

ಪಿಆರ್‌ಪಿ ಅಂದರೆ ನಮ್ಮ ರಕ್ತದ್ದೇ ಪ್ಲಾಸ್ಮಾ, ಪ್ಲೇಟ್‌ಲೆಟ್ ಜಾಸ್ತಿ ಇರುವುದು. ಕೆಲವರಿಗೆ ನೋವು ಸ್ವಲ್ಪ ಇಳಿಯಬಹುದು. ಸ್ಟೆಮ್ ಸೆಲ್ ಅಲ್ಲ. ರೋಗಿಯದೇ ಸ್ಟೆಮ್ ಸೆಲ್ ಬೇಕಾದರೆ ಸಾಮಾನ್ಯವಾಗಿ ಸೊಂಟದ ಎಲುಬಿನ ಮಜ್ಜೆ ಇಲ್ಲವೇ ಹೊಟ್ಟೆಯ ಕೊಬ್ಬಿನಿಂದ ತೆಗೆಯುತ್ತಾರೆ. ಬೇರೆ ಕಡೆ ಕೆಲವೇ ಸಾವಿರಕ್ಕೆ ಆಗುತ್ತದೆ. ನನಗೆ ಹೊಟ್ಟೆ ಉರಿಯುವುದು ಇದಕ್ಕೆ: ಮೃದ್ವಸ್ಥಿಯಲ್ಲಿ ರಕ್ತನಾಳ ಇಲ್ಲ, ಅದಕ್ಕೇ ಅದು ಸುಲಭಕ್ಕೆ ತಾನಾಗಿ ರಿಪೇರಿ ಆಗುವುದಿಲ್ಲ ಅಂತ ನಾನೇ ಹುಡುಗರಿಗೆ ಹೇಳುತ್ತೇನೆ. 1994ರಲ್ಲಿ ಸ್ವೀಡನ್‌ನವರು ಮೃದ್ವಸ್ಥಿಯ ಕೋಶ ತೆಗೆದು, ಲ್ಯಾಬಿನಲ್ಲಿ ಬೆಳೆಸಿ ಮೊಣಕಾಲಿಗೆ ಹಾಕಿದ್ದನ್ನು ಪ್ರಕಟಿಸಿದ್ದರು. ಕೋಶ ಬೆಳೆಸಲಿಕ್ಕೇ ವಾರಗಟ್ಟಲೆ ಬೇಕು, ಅದೂ ಸಣ್ಣ ಗಾಯಕ್ಕೆ. ಇಲ್ಲಿ ಚಹಾ ಆರುವುದರೊಳಗೆ ಕೆಲಸ ಮುಗಿಸಿದ್ದರು. ನನಗೆ ಅನುಮಾನವೇ ಬರಲಿಲ್ಲ!

ಹುಬ್ಬಳ್ಳಿಯ ಅವರಿಗೆ ಫೋನ್ ಮಾಡಿದೆ. ಮೊದಲು, “ಸೆಲ್ ಬೆಳೀಲಿಕ್ಕೆ ಆರು ತಿಂಗಳ ಬೇಕ್ರಿ ಸರ್.” ಆರು ತಿಂಗಳಾಯಿತು, ಅವ್ವ ಇನ್ನೂ ಗೋಡೆ ಹಿಡಿದೇ ಬಚ್ಚಲಿಗೆ ಹೋಗುತ್ತಾಳೆ ಅಂದೆ. “ವಯಸ್ಸಾಗೇತಲ್ರಿ, ಅವರ ಸೆಲ್ಲ ವೀಕ್ ಅದಾವು. ಬೂಸ್ಟರ್ ಹಾಕೋಣ, 45 ಸಾವಿರ.” ತಪ್ಪು ಅವ್ವನದೇ! ಪಿಆರ್‌ಪಿ ಅಲ್ಲೇನ್ರಿ ಅಂದೆ. ದನಿ ಬದಲಾಯಿತು. “ನೀವ ಸಹಿ ಮಾಡೀರಿ. ಬಿಲ್ ನೋಡ್ರಿ.” ನೋಡಿದೆ. ‘ರೀಜೆನ್ ವೆಲ್‌ನೆಸ್ ಪ್ಯಾಕೇಜ್’ ಅಂತಿದೆ. ಸ್ಟೆಮ್ ಸೆಲ್ ಅನ್ನುವ ಪದ ಬಿಲ್ಲಿನಲ್ಲೂ ಇಲ್ಲ, ಸಹಿ ಮಾಡಿದ ಇಂಗ್ಲಿಷ್ ಕಾಗದದಲ್ಲೂ ಇಲ್ಲ. ಮಕ್ಕಳ ಟಿಸಿಗೆ ಸಹಿ ಮಾಡುವಾಗ ಎರಡು ಸಲ ಓದುವ ಮನುಷ್ಯ ನಾನು. ಇದನ್ನು ಓದಲಿಲ್ಲ.

ಆಮೇಲೆ ತಿಳಿದದ್ದು: 2017ರ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮಾರ್ಗಸೂಚಿ ಪ್ರಕಾರ, ರಕ್ತದ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥದ್ದು ಬಿಟ್ಟರೆ ಉಳಿದ ಸ್ಟೆಮ್ ಸೆಲ್ ಚಿಕಿತ್ಸೆ ಟ್ರಯಲ್‌ನಲ್ಲೇ, ಅಂದರೆ ಒಪ್ಪಿಗೆ ಪಡೆದ ಪ್ರಯೋಗದಲ್ಲೇ, ನಡೆಯಬೇಕು. ಟ್ರಯಲ್‌ಗೆ ರೋಗಿಯಿಂದ ದುಡ್ಡು ಕೀಳುವಂತಿಲ್ಲ. ಆಮೇಲೆ 2022ರಲ್ಲಿ ಬೆಂಗಳೂರಿನ ಒಂದು ಕಂಪನಿಯ ಸ್ಟೆಮ್ ಸೆಲ್ ಔಷಧಿಗೆ ಮೊಣಕಾಲಿಗಾಗಿ ಒಪ್ಪಿಗೆ ಸಿಕ್ಕಿದೆ ನಿಜ. ಅದು ಗ್ರೇಡ್ 2, 3ಕ್ಕೆ. ದಾನಿಗಳ ಮಜ್ಜೆಯಿಂದ ಮಾಡಿದ್ದು. ಅವ್ವನ ತೋಳಿಂದಲ್ಲ.

ಯಾರಾದರೂ ಸ್ಟೆಮ್ ಸೆಲ್ ಅಂದರೆ, ಕೋಶ ಎಲ್ಲಿಂದ ತೆಗೀತೀರಿ, ಯಾವ ಲ್ಯಾಬ್, ಬಿಲ್ಲಿನಲ್ಲಿ ಆ ಹೆಸರು ಬರೀತೀರಾ ಅಂತ ಕೇಳಿರಿ. ಟ್ರಯಲ್ ಅಂದರೆ ಸಿಟಿಆರ್‌ಐ (ಟ್ರಯಲ್‌ಗಳ ಸರ್ಕಾರಿ ನೋಂದಣಿ) ನಂಬರ್ ಕೇಳಿರಿ. ಶಿಬಿರದಲ್ಲಿ ಅಡ್ವಾನ್ಸ್ ಕೊಡಬೇಡಿ, ದಯವಿಟ್ಟು ಕೊಡಬೇಡಿ. ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಗ್ರಾಹಕರ ದೂರು ಬರೆಸಿದ್ದೇನೆ.

“ಇದನ್ನೆಲ್ಲಾ ಬರೀಬ್ಯಾಡಪ, ಮಂದಿ ನಗ್ತಾರ” ಅಂತ ಅವ್ವ ಅಂದಳು. ನಾನೂ ಸುಮ್ನಿದ್ದೆ. ನಿನ್ನೆ ಶಿಬಿರದ ಅದೇ ಹುಡುಗನ ವಾಟ್ಸಾಪ್ ಬಂತು: “ಸರ್, ಬರೂ ಭಾನುವಾರ ನರಗುಂದದಾಗ ಶಿಬಿರ ಐತ್ರಿ. ನಿಮ್ಮ ಕಡೆಯಿಂದ ಇಬ್ಬರು ಪೇಷಂಟ್ ಕಳಿಸ್ರಿ, ಅವ್ವಾರ ಬೂಸ್ಟರ್ ಫ್ರೀ ಮಾಡಿಸ್ತೀನಿ.”