ಕುರಿದೊಡ್ಡಿಗೆ ಕಟ್ಟುವ ಕೆಂಪು ಪಟ್ಟಿಗಳ ಹಗ್ಗ: ತೋಳವನ್ನು ಕೊಲ್ಲದೆ ತಡೆಯುವ ಸಾಧನದ ವಿಮರ್ಶೆ

ಕುರಿಗಳು ಮರಿ ಹಾಕುವ ಕಾಲದಲ್ಲಿ ತೋಳದ ಕಾಟವನ್ನು ತಡೆಯಲೆಂದು ಫ್ಲಾಡ್ರಿ ಎಂಬ ಹೆಸರಿನಲ್ಲಿ ಮಾರುವ ಹಗ್ಗವನ್ನು ತರಿಸಿ ದೊಡ್ಡಿಯ ಸುತ್ತ ಕಟ್ಟಿದ್ದೆ. ತೆಳ್ಳಗಿನ ಹಗ್ಗಕ್ಕೆ ಸುಮಾರು ಅರ್ಧ ಮೀಟರಿಗೊಂದರಂತೆ ಕೆಂಪು ಬಟ್ಟೆಯ ಪಟ್ಟಿಗಳನ್ನು ಹೊಲಿದಿದ್ದಾರೆ. ನೋಡಲು ತೋರಣದಂತಿರುವ ಇದರಲ್ಲಿ ಬೇರೆ ಯಾವ ತಂತ್ರವೂ ಇಲ್ಲ. ಪೂರ್ವ ಯುರೋಪಿನ ಬೇಟೆಗಾರರು ತೋಳಗಳನ್ನು ಬಂದೂಕಿನೆದುರಿಗೆ ಅಟ್ಟಲು ಬಳಸುತ್ತಿದ್ದ ಉಪಾಯವೇ ಈಗ ಅವುಗಳ ಜೀವ ಉಳಿಸಲು ಒದಗಿಬಂದಿದೆ. ಪರಿಚಯವಿಲ್ಲದ, ಗಾಳಿಗೆ ಅಲುಗುವ ವಸ್ತುವನ್ನು ದಾಟಿ ಹೋಗಲು ತೋಳ ಅಂಜುತ್ತದೆ ಎಂಬುದೇ ಇದರ ಆಧಾರ.

ಮಳೆ ನಿಂತ ಒಂದು ಬೆಳಿಗ್ಗೆ ಕೆಸರಿನಲ್ಲಿ ಮೂಡಿದ್ದ ಹೆಜ್ಜೆಗಳು ಹಗ್ಗದ ಉದ್ದಕ್ಕೂ ಸಾಗಿ, ಮೂಲೆಯ ಗೂಟದ ಬಳಿ ಎರಡು ಸುತ್ತು ಹಾಕಿ, ಬಂದ ದಾರಿಯಲ್ಲೇ ಹಿಂದಿರುಗಿದ್ದವು. ಇಷ್ಟರಿಂದಲೇ ಹಗ್ಗದ ಗುಣ ಸಾಬೀತಾಯಿತೆಂದು ನಾನು ವಾದಿಸುವುದಿಲ್ಲವಾದರೂ ಆ ಅವಧಿಯಲ್ಲಿ ಮರಿಗಳು ಸುರಕ್ಷಿತವಾಗಿದ್ದವು.

ದೋಷಗಳೂ ಇವೆ. ಜೋರು ಗಾಳಿ ಬೀಸಿದರೆ ಪಟ್ಟಿಗಳು ಹಗ್ಗಕ್ಕೇ ಸುತ್ತಿಕೊಳ್ಳುವುದರಿಂದ ದಿನವೂ ಒಂದು ಸುತ್ತು ಹೋಗಿ ಬಿಡಿಸಬೇಕು. ನೆಲ ತಗ್ಗಾದ ಕಡೆ ಪಟ್ಟಿಯ ಕೆಳಗೆ ಸಂದು ಉಳಿಯದಂತೆ ಹೆಚ್ಚುವರಿ ಗೂಟ ಹೊಡೆಯಬೇಕಾಗುತ್ತದೆ, ಆದರೆ ಮಾರಾಟಗಾರರು ಕೊಡುವ ಗೂಟಗಳು ಅದಕ್ಕೆ ಸಾಲುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಸುಮಾರು ಎರಡು ತಿಂಗಳಲ್ಲಿ ತೋಳಗಳು ಇದಕ್ಕೆ ಒಗ್ಗಿಹೋಗಬಹುದು. ವಿದ್ಯುತ್ ಹರಿಸುವ ಮಾದರಿ ಇನ್ನೂ ಹೆಚ್ಚು ಕಾಲ ಅಂಜಿಕೆಯನ್ನು ಉಳಿಸುತ್ತದೆ, ಆದರೆ ಹುಲ್ಲು ತಗುಲಿದರೆ ಅದರ ಬಲ ಕುಂದುತ್ತದೆ.

ಹಗ್ಗದೊಂದಿಗೆ ಬಂದ ಕೈಪಿಡಿಯ ಬಗ್ಗೆ ನನಗೆ ತಕರಾರಿದೆ. ಅದು ಹೇಳುವಂತೆ ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ 1926ರ ಹೊತ್ತಿಗೆ ತೋಳಗಳನ್ನು ನಿರ್ಮೂಲ ಮಾಡಿದ್ದು, 1995 ಮತ್ತು 1996ರಲ್ಲಿ ಕೆನಡಾದಿಂದ 31 ತೋಳಗಳನ್ನು ತಂದು ಬಿಟ್ಟದ್ದು, ಎಲ್ಕ್ ಜಿಂಕೆಗಳ ಸಂಖ್ಯೆ ತಗ್ಗಿ ಕೆಲವೆಡೆ ಅವು ಮೇಯುವ ವಿಲೋ ಗಿಡಗಳು ಮತ್ತೆ ಎತ್ತರಕ್ಕೆ ಬೆಳೆದದ್ದು, ಇವೆಲ್ಲ ನಿಜ. ತೋಳ ತಿಂದು ಬಿಟ್ಟ ಕಳೇಬರ ಕಾಗೆ, ಹದ್ದು, ಕರಡಿಗಳಿಂದ ಹಿಡಿದು ಜೀರುಂಡೆಗಳವರೆಗೆ ಎಷ್ಟೋ ಜೀವಿಗಳಿಗೆ ಆಹಾರವಾಗುತ್ತದೆ ಎಂಬ ವಿವರಣೆಯೂ ಚೆನ್ನಾಗಿದೆ. ಆದರೆ ತೋಳವೊಂದೇ ನದಿಗಳ ದಿಕ್ಕನ್ನೇ ಬದಲಿಸಿತೆಂಬ ಅದರ ಮಾತು ಅತಿಯಾಯಿತು. ಅದೇ ಕಾಲದಲ್ಲಿ ಎಲ್ಕ್‌ಗಳನ್ನು ಬೇಟೆಯಾಡುವ ಕರಡಿ ಮತ್ತು ಪ್ಯೂಮಾ ಎಂಬ ದೊಡ್ಡ ಕಾಡುಬೆಕ್ಕುಗಳೂ ಹೆಚ್ಚಿದವು. ತೊರೆಗಳಿಗೆ ಒಡ್ಡು ಕಟ್ಟುವ ಬೀವರ್ ಎಂಬ ದಂಶಕಗಳು ಕಾಣೆಯಾಗಿ ಆಳಕ್ಕೆ ಕೊರೆದುಹೋದ ತೊರೆಗಳ ದಂಡೆಯಲ್ಲಿ, ತೋಳ ಮರಳಿದ ಮೇಲೂ ವಿಲೋ ನಿರೀಕ್ಷಿಸಿದಷ್ಟು ಚೇತರಿಸಿಕೊಂಡಿಲ್ಲ. ಬೇಟೆಯಾಡುವ ಪ್ರಾಣಿಯನ್ನು ಕಳೆದುಕೊಂಡ ಪರಿಸರ ಅದು ಮರಳಿದೊಡನೆ ಸರಿಹೋಗುವುದಿಲ್ಲ ಎಂಬುದೇ ಇರುವ ತೋಳಗಳನ್ನು ಉಳಿಸಿಕೊಳ್ಳಲು ಸಾಕಷ್ಟು ಬಲವಾದ ಕಾರಣವಾಗಿರುವಾಗ, ಉತ್ಪ್ರೇಕ್ಷೆ ಏಕೆ ಬೇಕಿತ್ತೋ ತಿಳಿಯದು.

ಮಂದೆ ಕಳೆದುಕೊಂಡವರ ಸಿಟ್ಟು ತೋಳಗಳಿಗೆ ವಿಷವಿಕ್ಕುವವರೆಗೆ ಹೋಗದಂತೆ ತಡೆಯುವುದರಲ್ಲಿ ಈ ಹಗ್ಗದ ನಿಜವಾದ ಬೆಲೆಯಿದೆ. ಸಣ್ಣ ದೊಡ್ಡಿಯುಳ್ಳವರು ಮರಿ ಹಾಕುವ ವಾರಗಳಿಗೆ ಮಾತ್ರ ಇದನ್ನು ಕಟ್ಟಿ, ಕಾವಲು ನಾಯಿಯನ್ನೂ ಇಟ್ಟುಕೊಂಡು, ಕೆಲಸ ಮುಗಿದೊಡನೆ ಬಿಚ್ಚಿಡುವುದಾದರೆ ಕೊಳ್ಳಬಹುದು. ವಿಶಾಲ ಹುಲ್ಲುಗಾವಲಿನಲ್ಲಿ ಮಂದೆ ಮೇಯಿಸುವವರಿಗೆ ನಾನು ಇದನ್ನು ಸೂಚಿಸುವುದಿಲ್ಲ.